ಗೇಟಿನ ಅಕ್ಕನ ಕೈಗುಣ

"ಮೇಡಮ್, ಮತ್ತೆ ನಿಂತೋಯ್ತು."

ಆ ವರ್ಷದ ಮಾವಿನ ಸುಗ್ಗಿಯಲ್ಲಿ ನಾನು ಈ ಮಾತು ಕೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಕೇಳಲಿಲ್ಲ. ಮುಳಬಾಗಿಲಿನ ನಮ್ಮ ಮನೆಯಲ್ಲಿ ದೋಸೆಯ ತಟ್ಟೆ ಮುಂದೆ ಇಟ್ಟುಕೊಂಡಾಗ ಫೋನು ಬರುತ್ತಿತ್ತು. ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸುವಾಗ ಬರುತ್ತಿತ್ತು. ಶ್ರೀನಿವಾಸಪುರದಲ್ಲಿ ಕೆಲಸ ಮುಗಿಸಿ ವಾಪಸು ಬಸ್ಸು ಹತ್ತಿ, ಕಂಡಕ್ಟರು ಟಿಕೆಟು ಹರಿದುಕೊಟ್ಟ ಮೇಲೂ ಬರುತ್ತಿತ್ತು. ಎಲ್ಲಿ ನಿಂತಿತು, ಪರದೆಯ ಮೇಲೆ ಏನು ಬಂದಿದೆ ಎಂದು ಕೇಳಿದರೆ ಉತ್ತರವಿಲ್ಲ. ನಿಂತೋಯ್ತು, ಬನ್ನಿ, ಅಷ್ಟೆ.

ಎರಡು ಸಾವಿರದ ಐದೋ ಆರೋ ಇರಬೇಕು. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೋಲಾರದ ಒಂದು ಸಣ್ಣ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ನಮ್ಮ ಯಜಮಾನರು ಯಾವಾಗ ನೋಡಿದರೂ ಮಾಲೂರಿನ ಹೆಂಚಿನ ಕಾರ್ಖಾನೆಗಳಲ್ಲೇ ಇರುತ್ತಿದ್ದರು. ಮುಳಬಾಗಿಲು, ಶ್ರೀನಿವಾಸಪುರ ನನ್ನ ಪಾಲಿಗೆ ಬಂದಿದ್ದವು. ನಮ್ಮದು ತಲೆತಲಾಂತರದಿಂದ ಲೆಕ್ಕ ಬರೆದ ಮನೆ. ಲೆಕ್ಕ ತಾಳೆಯಾಗದಿದ್ದರೆ ಬರೆದವನ ಮುಖ ನೋಡಬೇಡ, ಮತ್ತೆ ಮೇಲಿನಿಂದ ಕೂಡಿಸಿಕೊಂಡು ಬಾ ಎಂದು ಅಪ್ಪ ಹೇಳುತ್ತಿದ್ದರು. ಅಪ್ಪನ ತಾಳ್ಮೆ ನನಗೆ ಬಂದಿರಲಿಲ್ಲ. ಈ ಒಂದು ಮಾತು ಮಾತ್ರ ಹೇಗೋ ತಲೆಯಲ್ಲಿ ಉಳಿದುಕೊಂಡಿತ್ತು.

ಶ್ರೀನಿವಾಸಪುರದ ಊರಾಚೆ ಕೆಲವು ಮಾವಿನ ಮಂಡಿಗಳ ಮಾಲೀಕರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಒಂದೇ ಕಾಂಪೌಂಡು, ಒಳಗೆ ಸಾಲಾಗಿ ಮಂಡಿಗಳು, ಆಚೆ ಹೋಗಲು ಒಂದೇ ಗೇಟು. ಒಬ್ಬರ ಮಾಲು ಇನ್ನೊಬ್ಬರ ಲಾರಿಯಲ್ಲಿ ಹೋಗಿ ಜಗಳವಾದ ಮೇಲೆ, ಚೀಟಿ ಇಲ್ಲದೆ ಗೇಟು ತೆಗೆಯುವುದಿಲ್ಲ ಎಂದು ಕಟ್ಟು ಮಾಡಿದ್ದರು. ಮಂಡಿಯ ಗುಮಾಸ್ತ ತನ್ನ ಕಂಪ್ಯೂಟರಿನಲ್ಲಿ ಲಾರಿಯ ನಂಬರು, ಬಾದಾಮಿಯೋ ತೋತಾಪುರಿಯೋ, ಎಷ್ಟು ಕ್ರೇಟು ಎಂದು ಹೊಡೆಯಬೇಕು. ಅದು ಸಂಘದ ಆಫೀಸಿನ ಹಿಂದಿನ ಕೋಣೆಯಲ್ಲಿದ್ದ ಸರ್ವರಿಗೆ ಹೋಗುತ್ತದೆ. ಗೇಟಿನ ಕೌಂಟರಿನಲ್ಲಿ ಲಾರಿ ನಂಬರು ಹೊಡೆದರೆ ಸರ್ವರಿನಿಂದ ವಿವರ ಬಂದು ಚೀಟಿ ಅಚ್ಚಾಗುತ್ತದೆ. ಬೆಂಗಳೂರಿನ ಯಾರೋ ಈ ಪ್ರೋಗ್ರಾಮು ಬರೆದುಕೊಟ್ಟು, ಆಮೇಲೆ ಫೋನು ಎತ್ತುವುದನ್ನೇ ನಿಲ್ಲಿಸಿದ್ದರು. ಹಾಗಾಗಿ ಅದರ ಪಾಪಗಳೆಲ್ಲ ನನ್ನ ತಲೆಗೆ ಸುತ್ತಿಕೊಂಡವು.

ಗೇಟಿನ ಕೌಂಟರಿನಲ್ಲಿ ಕೂರುತ್ತಿದ್ದವರು ಒಬ್ಬ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮೊದಲು ಕೋರ್ಟಿನ ಮುಂದೆ ಟೈಪು ಮಾಡುತ್ತಿದ್ದರು, ಬೆರಳು ಚುರುಕು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದರು, ಮನೆಯಲ್ಲಿ ತೆಲುಗು ಮಾತು. ಎರಡು ಸಲ ನಿಶ್ಚಿತಾರ್ಥವಾಗಿ ಎರಡು ಸಲವೂ ಮುರಿದುಬಿದ್ದಿತ್ತು. ಇದನ್ನು ನನಗೆ ಹೇಳಿದ್ದು ಅಕ್ಕ ಅಲ್ಲ. ನಾನು ಮೊದಲ ದಿನ ಅಲ್ಲಿಗೆ ಹೋದಾಗಲೇ, ಕೇಬಲ್ಲು ಎಲ್ಲಿದೆ ಎಂದು ಕೇಳಿದ್ದಕ್ಕೆ ಒಬ್ಬ ಗುಮಾಸ್ತ ಕೇಬಲ್ಲು ತೋರಿಸುವ ಮೊದಲು ಇದನ್ನು ಹೇಳಿದ.

ಅಕ್ಕನ ಊಟದ ಡಬ್ಬಿಯಲ್ಲಿ ಉಪ್ಪಿನಕಾಯಿ ಇಲ್ಲದ ದಿನವಿರಲಿಲ್ಲ. ಅಂಥ ಉಪ್ಪಿನಕಾಯಿಯನ್ನು ನಾನು ನಮ್ಮ ಮನೆಯಲ್ಲೂ ತಿಂದಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಉಪ್ಪಿನಕಾಯಿ ಹಾಕಿದರೂ ಕಲೆಸುವುದಕ್ಕೆ ತನ್ನನ್ನೇ ಕರೆಯುತ್ತಾರೆ, ತನ್ನ ಕೈ ಬಿದ್ದರೆ ವರ್ಷವಾದರೂ ಬೂಷ್ಟು ಬರುವುದಿಲ್ಲ ಎಂದು ನಾಚಿಕೊಂಡು ಹೇಳಿದ್ದರು. ತನ್ನ ಬಗ್ಗೆ ಅವರು ಹೆಮ್ಮೆಯಿಂದ ಆಡಿದ ಮಾತು ಅದೊಂದೇ.

ಸುಗ್ಗಿ ಶುರುವಾಗಿ ವಾರ ಕಳೆದಿರಲಿಲ್ಲ, ಸರ್ವರು ಕೈಕೊಡಲು ಶುರುವಾಯಿತು. ಬೆಳಗ್ಗೆ ಚೆನ್ನಾಗಿಯೇ ಇರುತ್ತಿತ್ತು. ಲಾರಿಗಳು ತುಂಬಿ ಗೇಟಿಗೆ ಬಂದು ಸಾಲುಗಟ್ಟುವ ಹೊತ್ತಿಗೆ ಗೇಟಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಕನೆಕ್ಷನ್ನುಗಳು ತುಂಬಿವೆ, ಹೊಸದಕ್ಕೆ ಜಾಗವಿಲ್ಲ. ಒಳಗೆ ಮಂಡಿಗಳಲ್ಲಿ ಗುಮಾಸ್ತರು ಆರಾಮವಾಗಿ ಕೆಲಸ ಮಾಡುತ್ತಿರುತ್ತಾರೆ, ಗೇಟಿನಲ್ಲಿ ಮಾತ್ರ ಚೀಟಿ ಬರುವುದಿಲ್ಲ. ಲಾರಿಯವರು ಹಾರನ್ನು ಹೊಡೆಯುತ್ತಾರೆ. ಗೌನಿಪಲ್ಲಿ ಕಡೆಯಿಂದ ಹಣ್ಣು ತಂದವರು ಟ್ರ್ಯಾಕ್ಟರಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು ನಮ್ಮ ವಂಶವನ್ನೆಲ್ಲ ನೆನೆಯುತ್ತಾರೆ. ಬಿಸಿಲಿಗೆ ಹಣ್ಣಿನ ವಾಸನೆ ಗಂಟೆಗಂಟೆಗೂ ಏರುತ್ತದೆ. ಆ ವಾಸನೆ ಬಂದರೆ ನನಗೆ ಈಗಲೂ ಬಾಯಲ್ಲಿ ನೀರೂರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ.

ನಾನು ಮಾಡದ ವೈದ್ಯವಿಲ್ಲ. ಸರ್ವರನ್ನು ಆಫ್ ಮಾಡಿ ಆನ್ ಮಾಡಿದೆ. ಸರಿಹೋಯಿತು, ಮಾರನೇ ದಿನ ಮತ್ತೆ ಅದೇ ರಾಗ. ಇಲಿ ಕಡಿದಿದ್ದ ಕೇಬಲ್ಲು ಬದಲಾಯಿಸಿದೆ. ವೈರುಗಳೆಲ್ಲ ಸೇರುವ ಡಬ್ಬದೊಳಗೆ ಹಲ್ಲಿ ಸತ್ತಿತ್ತು, ಅದನ್ನು ತೆಗೆದು ಬೇರೆ ಡಬ್ಬ ಹಾಕಿದೆ. ವೈರಸ್ ಹುಡುಕಿದೆ. ಮಾಲೂರಿನಿಂದ ಯಜಮಾನರು ಫೋನಿನಲ್ಲೇ ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡು ಎಂದರು. ಅವರಿಗೆ ಎಲ್ಲ ರೋಗಕ್ಕೂ ಅದೇ ಮದ್ದು. ಸುಗ್ಗಿಯ ಮಧ್ಯದಲ್ಲಿ ಎಲ್ಲ ಅಳಿಸಿದರೆ ನನ್ನನ್ನೇ ಅಳಿಸಿಬಿಡುತ್ತಾರೆ ಎಂದು ಹೇಳಿ ಫೋನು ಇಟ್ಟೆ.

ಆಮೇಲೆ ಕರೆಂಟಿನ ಕಥೆ ಹೊಳೆಯಿತು. ಮಂಡಿಗಳ ಕಂಪ್ಯೂಟರಿಗೆ ಯುಪಿಎಸ್ ಇರಲಿಲ್ಲ, ಸರ್ವರಿಗೆ ಇತ್ತು. ಕರೆಂಟು ಹೋದಾಗ ಮಂಡಿಯ ಕಂಪ್ಯೂಟರು ಪಕ್ಕನೆ ಸಾಯುತ್ತದೆ, ಹೋಗಿಬರುತ್ತೇನೆ ಎಂದು ಸರ್ವರಿಗೆ ಹೇಳುವುದಿಲ್ಲ. ಸರ್ವರು ಅವನಿನ್ನೂ ಕೂತಿದ್ದಾನೆ ಎಂದುಕೊಂಡು ಆ ಜಾಗವನ್ನು ಹಾಗೇ ಇಟ್ಟಿರುತ್ತದೆ, ಸತ್ತವರ ಹೆಸರು ವೋಟರ್ ಲಿಸ್ಟಿನಲ್ಲಿ ಉಳಿದ ಹಾಗೆ. ಕರೆಂಟು ಬಂದಮೇಲೆ ಅವನೇ ಇನ್ನೊಂದು ಜಾಗ ಕೇಳಿಕೊಂಡು ಬರುತ್ತಾನೆ. ದಿನಕ್ಕೆ ನಾಲ್ಕಾರು ಸಲ ಕರೆಂಟು ಹೋಗುವ ಊರಿನಲ್ಲಿ ಜಾಗ ತುಂಬದೆ ಏನಾಗುತ್ತದೆ? ಸಿಕ್ಕಿತು ಎಂದು ಕುಣಿದಾಡಿದೆ. ಸಂಘದವರನ್ನು ಕಾಡಿ ಬೇಡಿ ಎಲ್ಲ ಮಂಡಿಗೂ ಯುಪಿಎಸ್ ಹಾಕಿಸಿದೆ. ಸಾಲದ್ದಕ್ಕೆ ಸರ್ವರಿನಲ್ಲಿ ಜಾಗಗಳ ಮಿತಿಯನ್ನೂ ಹೆಚ್ಚಿಸಿದೆ. ಎರಡು ದಿನ ನೆಮ್ಮದಿಯಾಗಿ ಊಟ ಮಾಡಿದೆ.

ಮೂರನೇ ದಿನ ಫೋನು. ನಿಂತೋಯ್ತು.

ಅವತ್ತು ಸರ್ವರಿನ ಮುಂದೆ ಕೂತು ಅತ್ತೆ ಎಂದರೆ ಅತಿಶಯವಲ್ಲ. ಮಿತಿ ಹೆಚ್ಚಿಸಿದಷ್ಟೂ ತುಂಬುತ್ತಿತ್ತು, ಈಗ ಅದರ ಜೊತೆಗೆ ಯಂತ್ರವೇ ಏದುಸಿರು ಬಿಡುತ್ತಿತ್ತು. ಸುಗ್ಗಿಗೆ ಮೊದಲು ಸಂಘದವರು ಕುರುಡುಮಲೆಗೆ ಹೋಗಿ ಗಣೇಶನಿಗೆ ಪೂಜೆ ಮಾಡಿಸಿ ತಂದ ಕುಂಕುಮ ಅದರ ನೆತ್ತಿಯ ಮೇಲಿತ್ತು. ಗಣೇಶನಿಗೂ ಇದರ ಗೊಡವೆ ಬೇಡವಾಗಿದೆ ಎಂದುಕೊಂಡೆ.

ಅಷ್ಟು ಹೊತ್ತಿಗೆ ಕಾಂಪೌಂಡಿನಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಸಂಘದ ಸೆಕ್ರೆಟರಿ ದೊಡ್ಡ ಮಂಡಿಯ ಮಾಲೀಕರು, ಬಿಳಿ ಪಂಚೆ, ಮೆತ್ತಗಿನ ಮಾತು. ಅವರು ನನ್ನನ್ನು ಒಳಗೆ ಕರೆದು, ಕಾಫಿ ತರಿಸಿ, ಬಾಗಿಲ ಕಡೆ ಒಮ್ಮೆ ನೋಡಿ ತೆಲುಗಿನಲ್ಲಿ ಹೇಳಿದರು: "ಆಯಮ್ಮ ಚೆಯ್ಯಿ ಮಂಚಿದಿ ಕಾದಮ್ಮಾ."

ಆಯಮ್ಮನ ಕೈ ಒಳ್ಳೆಯದಲ್ಲ. ಗೇಟಿನ ಅಕ್ಕನದು. ನಾನು ಕಾಫಿ ಕೆಳಗಿಟ್ಟೆ.

ಅವರ ವಾದ ಸರಳವಾಗಿತ್ತು. ಮಂಡಿಗಳಲ್ಲಿ ಯಾರ ಕೈಯಲ್ಲೂ ನಿಲ್ಲದ್ದು ಆಯಮ್ಮನ ಕೈಯಲ್ಲೇ ಯಾಕೆ ನಿಲ್ಲುತ್ತದೆ? ಮೊದಲು ನಿಲ್ಲುವುದು ಯಾವಾಗಲೂ ಅಲ್ಲೇ. ಎರಡು ನಿಶ್ಚಿತಾರ್ಥದ ಮಾತೂ ನಡುವೆ ಬಂತು. ಈ ವಾರ ಇನ್ನೊಂದು ಸಲ ನಿಂತರೆ ಆಯಮ್ಮನನ್ನು ಬಿಡಿಸಿ ಬೇರೆಯವರನ್ನು ಕೂರಿಸುವುದು ಎಂದು ಕಮಿಟಿಯಲ್ಲಿ ಮಾತಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ನಿಮ್ಮ ಕಥೆ ಎಂದೆ. ಅವರು ನಕ್ಕು, ನಿನಗಿನ್ನೂ ಚಿಕ್ಕ ವಯಸ್ಸಮ್ಮಾ ಎಂದರು.

ನನ್ನ ಸಿಟ್ಟು ಹೆಚ್ಚಾದದ್ದು, ಅವರು ಕೇಳಿದ್ದರಲ್ಲಿ ಅರ್ಧ ನಿಜವಿತ್ತು ಎಂಬುದಕ್ಕೆ. ಮೊದಲು ನಿಲ್ಲುವುದು ಗೇಟಿನಲ್ಲೇ ಯಾಕೆ? ಹೊರಗೆ ಬಂದಾಗ ಅಕ್ಕ ಕೌಂಟರಿನಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಳಗಿನ ಮಾತು ಅವರಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ನನ್ನ ಕೈಯಲ್ಲೇ ಯಾಕೆ ಹಿಂಗಾಗುತ್ತೆ ಮೇಡಮ್ ಎಂದು ಕೇಳಿದರು. ನೋಡ್ತೀನಿ ಅಕ್ಕಾ ಎಂದೆ. ನೋಡ್ತೀನಿ ಎನ್ನುವುದು ನಮ್ಮ ಕಸುಬಿನಲ್ಲಿ ಏನೂ ಗೊತ್ತಿಲ್ಲ ಎನ್ನುವುದಕ್ಕೆ ಇರುವ ಮಾತು.

ಮಾರನೇ ಬೆಳಗ್ಗೆ ಮುಳಬಾಗಿಲಿನಲ್ಲಿ ಬಸ್ಸು ಹತ್ತಿದೆ. ಕೂರೋಣವೆಂದರೆ ಖಾಲಿಯಿದ್ದ ಒಂದೇ ಸೀಟಿನ ಮೇಲೆ ಕೆಂಪು ಅಂಚಿನ ಟವೆಲ್. ಯಾರದು ಎಂದರೆ ಪಕ್ಕದ ಸೀಟಿನವನು ಜನ ಬರ್ತಾರೆ ಎಂದ. ಬಸ್ಸು ಹೊರಟಿತು, ಜನ ಬರಲಿಲ್ಲ. ನಾನು ಕೇಳಿದರೆ, ನಮ್ಮ ಭಾವಮೈದುನ ಮುಂದಿನ ಹಳ್ಳಿಯಲ್ಲಿ ಹತ್ತುತ್ತಾನೆ ಎಂದ. ಮುಂದಿನ ಹಳ್ಳಿಯಲ್ಲಿ ಭಾವಮೈದುನ ಹತ್ತಲಿಲ್ಲ, ಅದರ ಮುಂದಿನದರಲ್ಲೂ ಹತ್ತಲಿಲ್ಲ. ಟವೆಲ್ ಕೂತುಕೊಂಡು ಬಂತು, ನಾನು ಟೂಲ್ ಬ್ಯಾಗು ಹೊತ್ತು ನಿಂತುಕೊಂಡು ಬಂದೆ. ಇಳಿಯುವಾಗ ಅವನಿಗೆ ನಾಲ್ಕು ಮಾತು ಅಂದೇ ಇಳಿದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ, ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

ಅದೇ ಉರಿಯಲ್ಲಿ ಹೋಗಿ ಸರ್ವರಿನ ಮುಂದೆ ಕೂತೆ. ಯಾವ ಕಂಪ್ಯೂಟರಿನಿಂದ ಯಾರು ಬಂದು ಕೂತಿದ್ದಾರೆ ಎಂದು ಸರ್ವರನ್ನೇ ಕೇಳಿದರೆ ಅದು ಹೇಳುತ್ತದೆ. ಹಿಂದೆಯೂ ಕೇಳಿದ್ದೆ. ಸುಮ್ಮನೆ ಕೂತಿದ್ದ ಕನೆಕ್ಷನ್ನುಗಳನ್ನು ಕಂಡು, ಕರೆಂಟು ಹೋದಾಗ ಸತ್ತವೇ ಇವು ಎಂದು ಬಿಟ್ಟುಬಿಟ್ಟಿದ್ದೆ. ಆದರೆ ಬೆಳಗ್ಗೆಯಿಂದ ಕರೆಂಟು ಹೋಗಿರಲಿಲ್ಲ, ಯುಪಿಎಸ್ ಬೇರೆ ಇತ್ತು. ಆದರೂ ಮೂಲೆಯ ಒಂದು ಮಂಡಿಯಿಂದಲೇ ಏಳೆಂಟು ಕನೆಕ್ಷನ್ನುಗಳು ಕೂತಿದ್ದವು. ಎಲ್ಲವೂ ಜೀವಂತ, ಯಾವುದೂ ಏನೂ ಮಾಡುತ್ತಿಲ್ಲ. ಆ ಮಂಡಿಗೆ ಅವತ್ತು ಒಂದು ಲೋಡೂ ಬಂದಿರಲಿಲ್ಲ. ಎದ್ದು ಅಲ್ಲಿಗೇ ನಡೆದೆ.

ಅಲ್ಲಿನ ಗುಮಾಸ್ತ ಒಳ್ಳೆಯ ಮನುಷ್ಯ. ಕೂರಿಸಿ ರಸಪುರಿ ಕುಯ್ದುಕೊಟ್ಟ. ಅವನ ಪರದೆಯ ಕೆಳಗೆ ನಮ್ಮ ಪ್ರೋಗ್ರಾಮಿನ ಕಿಟಕಿಗಳು ಒಂದರ ಪಕ್ಕ ಒಂದು ಸಾಲಾಗಿ ತೆರೆದಿದ್ದವು. ಇಷ್ಟೊಂದು ಯಾಕೆ ತೆಗೆದಿದ್ದೀರಿ ಎಂದು ಕೇಳಿದೆ. ಅವನು ಬೆರಳಿಟ್ಟು ತೋರಿಸಿದ.

"ಇದು ನಂದು ಮೇಡಮ್. ಇದು ನಮ್ ಷಡ್ಡಕಂದು, ಆಮೇಲೆ ಬರ್ತಾನೆ. ಇದು ಎದುರಿಗಿರೋ ಮಂಡಿಯೋರ್ದು. ಇವೆಲ್ಲಾ ಇರ್ಲಿ ಅಂತ. ತಡವಾದ್ರೆ ಒಳಗೆ ಬಿಡಲ್ವಲ್ಲಾ, ಅದಕ್ಕೆ ಬೆಳಗ್ಗೇನೇ ಬಂದು ಜಾಗ ಹಿಡಿದಿಟ್ಕೋತೀನಿ."

ರಸಪುರಿಯ ಹೋಳನ್ನು ಕೆಳಗಿಟ್ಟು ಎದ್ದೆ. ನಾನು ಪಕ್ಕದ ಮಂಡಿಗೆ ಹೋದೆ, ಅದರ ಪಕ್ಕದ್ದಕ್ಕೂ ಹೋದೆ. ಎಲ್ಲ ಕಡೆ ಅದೇ. ಸುಗ್ಗಿಯ ಮೊದಲ ವಾರ, ಕರೆಂಟಿನ ದೆಸೆಯಿಂದ ಸರ್ವರು ನಿಜವಾಗಿಯೇ ತುಂಬಿದಾಗ, ಮೊದಲೇ ಒಳಗಿದ್ದವರ ಕೆಲಸ ನಡೆದಿತ್ತು, ಆಚೆ ಇದ್ದವರದು ನಿಂತಿತ್ತು. ಅಷ್ಟು ನೋಡಿದ್ದೇ ಸಾಕು, ಶ್ರೀನಿವಾಸಪುರದ ಗುಮಾಸ್ತರಿಗೆ ಇದು ಯಾವ ಆಟವೆಂದು ತಿಳಿದುಹೋಯಿತು. ಕೋಲಾರದ ಬಸ್ಸಿಗೆ ಟವೆಲ್ ಹಾಕಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಸರ್ವರನ್ನು ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಅವರಿಗೆ ಹೊಸ ಬಸ್ಸು ಬಂದ ಹಾಗೆ. ನಾನು ಮಿತಿ ಹೆಚ್ಚಿಸಿದಾಗ ದೊಡ್ಡ ಬಸ್ಸು ಬಂದ ಹಾಗೆ. ನಿಲ್ಲುವ ಭಯ ಹೆಚ್ಚಿದಷ್ಟೂ ಹೆಚ್ಚು ಜಾಗ ಹಿಡಿದರು, ಹೆಚ್ಚು ಹಿಡಿದಷ್ಟೂ ಬೇಗ ನಿಂತಿತು. ಇಷ್ಟು ದಿನ ನಾನು ಬಸ್ಸಿನ ಇಂಜಿನ್ನು ಬಿಚ್ಚಿ ನೋಡುತ್ತಿದ್ದೆ.

ಮೊದಲು ಗೇಟಿನಲ್ಲೇ ಯಾಕೆ ಎಂಬುದೂ ಅಲ್ಲೇ ನಿಂತಲ್ಲೇ ಹೊಳೆಯಿತು. ಗೇಟಿನ ಪ್ರೋಗ್ರಾಮನ್ನು ಬೇರೆ ಥರ ಬರೆದಿದ್ದರು. ಒಂದು ಚೀಟಿಗೆ ಒಂದು ಸಲ ಒಳಗೆ ಹೋಗುವುದು, ಚೀಟಿ ಬಂದ ಕೂಡಲೇ ಜಾಗ ಬಿಟ್ಟು ಆಚೆ ಬರುವುದು, ಮುಂದಿನ ಲಾರಿಗೆ ಮತ್ತೆ ಜಾಗ ಕೇಳುವುದು. ಇಡೀ ಕಾಂಪೌಂಡಿನಲ್ಲಿ ಕೆಲಸವಾದ ಮೇಲೆ ಎದ್ದು ಜಾಗ ಬಿಡುತ್ತಿದ್ದದ್ದು ಗೇಟಿನ ಕಂಪ್ಯೂಟರು ಒಂದೇ. ತುಂಬಿದಾಗ ಆಚೆ ಉಳಿಯುತ್ತಿದ್ದದ್ದೂ ಅದೇ.

ಇಷ್ಟು ಯೋಚಿಸುವಾಗಲೇ ಗೇಟಿನ ಕಡೆಯಿಂದ ಹಾರನ್ನು ಶುರುವಾಯಿತು. ಓಡಿಹೋಗಿ ಸರ್ವರಿನಲ್ಲಿ ಸುಮ್ಮನೆ ಕೂತಿದ್ದ ಕನೆಕ್ಷನ್ನುಗಳನ್ನೆಲ್ಲ ಎಬ್ಬಿಸಿ ಆಚೆ ಹಾಕಿದೆ. ಚೀಟಿ ಬರತೊಡಗಿತು. ಆದರೆ ಗೇಟಿಗೆ ಬಂದು ನೋಡಿದರೆ ಕೀ ಒತ್ತುತ್ತಿದ್ದವನು ಸೆಕ್ರೆಟರಿಯ ಸೋದರಳಿಯ. ಗೇಟಿನ ಅಕ್ಕ ಊಟದ ಡಬ್ಬಿಯ ಚೀಲ ಹಿಡಿದು ಹೊಂಗೆ ಮರದ ಕೆಳಗೆ ನಿಂತಿದ್ದರು. ಡಬ್ಬಿ ಇನ್ನೂ ತುಂಬಿತ್ತು, ಊಟದ ಹೊತ್ತಾಗಿರಲಿಲ್ಲ.

ಸೆಕ್ರೆಟರಿಗೆ ಎಲ್ಲ ಬಿಡಿಸಿ ಹೇಳಿದೆ. ಬಸ್ಸು, ಟವೆಲ್, ಭಾವಮೈದುನ, ಒಂದನ್ನೂ ಬಿಡಲಿಲ್ಲ. ಅವರು ಸಾವಧಾನವಾಗಿ ಕೇಳಿಸಿಕೊಂಡರು, ಅಲ್ಲಲ್ಲಿ ತಲೆಯೂ ಆಡಿಸಿದರು. ಕೊನೆಗೆ, "ಆಯ್ತಮ್ಮಾ, ನೀ ಮಾಡೋದು ನೀ ಮಾಡು. ನಾವು ಮಾಡೋದು ನಾವು ಮಾಡಿದೀವಿ. ಎರಡೂ ಆಗ್ಲಿ, ತಪ್ಪೇನು?" ಎಂದರು.

ಅವತ್ತು ಮಧ್ಯಾಹ್ನವೇ ಸರ್ವರಿನಲ್ಲಿ ಒಂದು ನಿಯಮ ಬರೆದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತ ಕನೆಕ್ಷನ್ನನ್ನು ಸರ್ವರೇ ಎಬ್ಬಿಸಿ ಕಳಿಸುತ್ತದೆ, ಬೇಕಾದವರು ಮತ್ತೆ ಒಳಗೆ ಬರಬಹುದು. ನಾಲ್ಕೇ ಸಾಲು. ಇದಕ್ಕಾಗಿ ತಿಂಗಳೆಲ್ಲ ಒದ್ದಾಡಿದ್ದೆ.

ಮಾರನೇ ದಿನ ಲಾರಿಗಳು ಎಣ್ಣೆ ಹಚ್ಚಿದ ಹಾಗೆ ಹೋದವು. ಒಂದು ಸಲವೂ ನಿಲ್ಲಲಿಲ್ಲ. ಸಂತೋಷ ಪಡಬೇಕಾದವಳು ನಾನು, ಕೌಂಟರಿನ ಪಕ್ಕ ನಿಂತು ಹಲ್ಲು ಕಡಿಯುತ್ತಿದ್ದೆ. ಹಮಾಲಿಗಳಿಂದ ಹಿಡಿದು ಟೀ ಅಂಗಡಿಯವರವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು. ನೋಡಿದ್ರಾ, ಆಯಮ್ಮ ಹೋಗಿದ್ದೇ ತಡ, ಸರಿಹೋಯ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು ಎನ್ನುತ್ತಾರಲ್ಲ, ಇಲ್ಲಿ ಕೊಂಬೆ ಕಡಿದವಳು ನಾನು, ಹೆಸರು ಹಾರಿಹೋದ ಕಾಗೆಗೆ. ಮೂಲೆ ಮಂಡಿಯ ಆ ಒಳ್ಳೆಯ ಗುಮಾಸ್ತ ಕೂಡ ನನ್ನನ್ನು ಕರೆದು, ಇನ್ನು ನಿಮಗೆ ಓಡಾಟ ತಪ್ಪಿತು ಬಿಡಿ ಮೇಡಮ್ ಎಂದು ಸಮಾಧಾನ ಹೇಳಿದ.

ಸಂಜೆ ಅಕ್ಕನ ಮನೆ ಹುಡುಕಿಕೊಂಡು ಹೋದೆ. ನಡುಮನೆಯಲ್ಲಿ ಹಳೇ ಸೀರೆ ಹಾಸಿ ಹೋಳು ಮಾಡಿದ ಮಾವಿನಕಾಯಿ ಹರಡಿದ್ದರು. ಸಾಸಿವೆ ಪುಡಿ, ಖಾರದ ಪುಡಿಯ ಘಾಟಿಗೆ ಬಾಗಿಲಲ್ಲೇ ಸೀನು ಬಂತು. ದೊಡ್ಡ ಬೇಸಿನ್ನಿನಲ್ಲಿ ಕಲೆಸುತ್ತಿದ್ದವರು ಅತ್ತಿಗೆ. ಅಕ್ಕ ದೂರದಲ್ಲಿ ಗೋಡೆಗೊರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸುಲಿದದ್ದನ್ನು ಬೇಸಿನ್ನಿಗೆ ತಾವು ಹಾಕುತ್ತಿರಲಿಲ್ಲ, ಒಂದು ತಟ್ಟೆಯಲ್ಲಿಟ್ಟು ಅತ್ತಿಗೆಯ ಕಡೆ ತಳ್ಳುತ್ತಿದ್ದರು.

ನೀವು ಯಾಕೆ ಕಲೆಸ್ತಿಲ್ಲ ಎಂದು ಕೇಳಿದೆ. ಅತ್ತಿಗೆ ತಲೆಯೆತ್ತಿ, ನೀವಾದರೂ ಹೇಳಿ ಮೇಡಮ್, ನಾನು ಎಷ್ಟು ಹೇಳಿದರೂ ಕೇಳುತ್ತಿಲ್ಲ ಎಂದರು. ಅಕ್ಕ ಬೆಳ್ಳುಳ್ಳಿಯಿಂದ ಕಣ್ಣು ಎತ್ತಲಿಲ್ಲ.

"ನಾನೇ ಬೇಡ ಅಂದೆ ಮೇಡಮ್. ವರ್ಷದ ಉಪ್ಪಿನಕಾಯಿ. ಕೆಟ್ಟೋದ್ರೆ?"

ಸೆಕ್ರೆಟರಿಯ ಮೇಲೆ ಬಂದ ಸಿಟ್ಟು ಏನೂ ಅಲ್ಲ. ಈ ಮಾತಿಗೆ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದೂ ಗೊತ್ತಾಗಲಿಲ್ಲ. ಕೆಲಸ ಹೋದರೆ ಇನ್ನೊಂದು ಸಿಗಬಹುದು. ಊರೆಲ್ಲ ಕೂಗಿ ಕೂಗಿ ಅವರ ಕೈಯನ್ನೇ ಅವರಿಂದ ಕಿತ್ತುಕೊಂಡಿದ್ದರು. ನಾನು ಸರ್ವರಿನ ವಿಷಯ ಹೇಳಿದೆ, ನಾಲ್ಕು ಸಾಲಿನ ನಿಯಮವನ್ನು ಹೇಳಿದೆ. ಹೂಂ ಮೇಡಮ್, ಹೂಂ ಮೇಡಮ್ ಎಂದರು. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಿದ್ದಾರೆ ಎಂಬುದು ಆ ಹೂಂನಲ್ಲೇ ಗೊತ್ತಾಗುತ್ತಿತ್ತು. ಅವರು ಎದ್ದು ಬಂದಿದ್ದರು, ಅದು ಸರಿಹೋಗಿತ್ತು. ಅದರ ಮುಂದೆ ನನ್ನ ಮಾತು ಎಷ್ಟರದು?

ಹೊರಡುವಾಗ ಅತ್ತಿಗೆ, ನಾಡಿದ್ದು ಜಾಡಿ ಬಿಚ್ಚುತ್ತೇವೆ, ಬನ್ನಿ, ನಿಮಗೂ ಸ್ವಲ್ಪ ಕೊಡುತ್ತೇನೆ ಎಂದರು. ಉಪ್ಪಿನಕಾಯಿ ಕಲೆಸಿ ಕಟ್ಟಿಟ್ಟು, ಮೂರನೇ ದಿನ ಬಿಚ್ಚಿ ಉಪ್ಪು ನೋಡಿ, ಎಣ್ಣೆ ಹಾಕಿ ಮತ್ತೆ ಕಲೆಸುವುದು ಇಲ್ಲಿನ ರೂಢಿ.

ಎರಡು ದಿನ ಯೋಚಿಸಿದೆ ಎಂದು ಹೇಳಿಕೊಳ್ಳಲು ಆಸೆ. ನಿಜವಾಗಿ ಮುಳಬಾಗಿಲು ಸೇರುವಷ್ಟರಲ್ಲೇ ತೀರ್ಮಾನವಾಗಿತ್ತು. ಮೂರನೇ ದಿನ ಬೆಳಗ್ಗೆ ಬೇಗ ಹೋಗಿ, ಸರ್ವರಿನ ಕೋಣೆಯ ಬಾಗಿಲು ಹಾಕಿಕೊಂಡು, ನಾನೇ ಬರೆದ ನಾಲ್ಕು ಸಾಲನ್ನು ನಾನೇ ತೆಗೆದುಹಾಕಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಆಮೇಲೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತೆ. ಇದು ತಪ್ಪು ಎನ್ನುವವರು ಇರಬಹುದು. ಬಿಸಿಲಲ್ಲಿ ಹಣ್ಣು ನಿಲ್ಲುತ್ತದೆ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ, ಇವತ್ತಿಗೂ ನನಗೆ ಅದರ ಬೇಸರವಿಲ್ಲ.

ಜಾಗ ಹಿಡಿಯುವ ಚಾಳಿ ಗುಮಾಸ್ತರಿಗೆ ಅಷ್ಟು ಬೇಗ ಹೋಗಿರಲಿಲ್ಲ. ಹಿಡಿದದ್ದು ಎರಡು ದಿನ ಕೈಯಲ್ಲಿ ನಿಲ್ಲದೆ ಪರದಾಡಿದ್ದವರು, ಅವತ್ತು ನಿಲ್ಲುತ್ತದೆ ಎಂದು ಗೊತ್ತಾದ ಕೂಡಲೇ ಹಿಂದಿಗಿಂತ ಹೆಚ್ಚು ಹಿಡಿದರು. ಬಿಸಿಲು ಏರುವ ಮೊದಲೇ ಗೇಟಿನಲ್ಲಿ ಹಾರನ್ನು ಶುರುವಾಯಿತು. ಸೆಕ್ರೆಟರಿಯ ಸೋದರಳಿಯ ಕೀ ಒತ್ತಿ ಒತ್ತಿ ಸುಸ್ತಾಗಿ, ಪರದೆಯ ನೆತ್ತಿಗೆ ಎರಡು ಬಡಿದ. ನಾನು ಟೀ ಮುಗಿಸಿ, ಲೋಟ ಇಟ್ಟು, ನಿಧಾನವಾಗಿ ರಸ್ತೆ ದಾಟಿದೆ. ಸೆಕ್ರೆಟರಿ ಅಲ್ಲೇ ನಿಂತಿದ್ದರು, ಸುತ್ತ ಜನ.

"ಇವತ್ತು ಯಾರ ಕೈ ಅಣ್ಣಾ?" ಎಂದು ಕೇಳಿದೆ.

ನಾನು ಗೆದ್ದೆ ಎಂದುಕೊಂಡೆ. ಸೆಕ್ರೆಟರಿ ಸೋದರಳಿಯನನ್ನು ನೋಡಿದರು, ಪರದೆಯನ್ನು ನೋಡಿದರು, ಆಮೇಲೆ ಅವನು ಕೂತಿದ್ದ ಕುರ್ಚಿಯನ್ನು ನೋಡಿದರು. ಬೆತ್ತದ ಹಳೇ ಕುರ್ಚಿ, ಅಕ್ಕ ಕೂರುತ್ತಿದ್ದದ್ದೇ.

"ಆ ಕುರ್ಚಿ ತೆಗೆದು ಆಚೆ ಹಾಕ್ರೋ," ಎಂದರು.

ಇಬ್ಬರು ಹಮಾಲಿಗಳು ಬಂದು ಕುರ್ಚಿಯನ್ನು ಹೊತ್ತುಕೊಂಡು ಹೋಗಿ ಹೊಂಗೆ ಮರದ ಕೆಳಗಿಟ್ಟರು. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಬಂತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಸರ್ವರಿನ ಕೋಣೆಗೆ ಹೋಗಿ ನಾಲ್ಕು ಸಾಲನ್ನು ಮತ್ತೆ ಬರೆದೆ. ಚೀಟಿ ಬರತೊಡಗಿತು. ಪ್ಲಾಸ್ಟಿಕ್ ಕುರ್ಚಿ ಒಳ್ಳೆಯದು ಎಂದು ಎಲ್ಲರೂ ಒಪ್ಪಿದರು. ಆ ಸುಗ್ಗಿಯಲ್ಲಿ ಸರ್ವರು ಮತ್ತೆ ನಿಲ್ಲಲಿಲ್ಲ, ಅಕ್ಕನನ್ನು ಯಾರೂ ಮತ್ತೆ ಕರೆಯಲೂ ಇಲ್ಲ.

ಸಂಜೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ ಹೋದೆ. ಅತ್ತಿಗೆ ಜಾಡಿಗೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತಿದ್ದರು, ಅಕ್ಕ ಎಣ್ಣೆ ಕಾಯಿಸಿ ಆರಲು ಇಟ್ಟಿದ್ದರು. ಚಪ್ಪಲಿ ಬಿಡುವ ಮೊದಲೇ, ಇವತ್ತು ನಿಂತುಹೋಯಿತು ಎಂದೆ. ಸೆಕ್ರೆಟರಿಯ ಸೋದರಳಿಯ ಕೂತಿದ್ದಾಗಲೇ, ಅವನ ಕೈಯಲ್ಲೇ.

ಅಕ್ಕ ಎಣ್ಣೆಯ ಪಾತ್ರೆ ಕೆಳಗಿಟ್ಟರು. ನನ್ನ ಮುಖವನ್ನು ಒಂದು ಕ್ಷಣ ನೋಡಿ, ನೀವೇನೂ ಮಾಡಲಿಲ್ಲವಾ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಆದರೆ ಅವರಿಗೆ ಬೇಕಾಗಿದ್ದದ್ದು ಇನ್ನೊಂದು ಸಮಾಧಾನವಲ್ಲ. ಸುಮ್ಮನೆ ಕೂತವರನ್ನು ಎಬ್ಬಿಸುವ ನಾಲ್ಕು ಸಾಲನ್ನು ನಾನೇ ತೆಗೆದೆ, ಜಾಗ ಹಿಡಿದದ್ದು ಗುಮಾಸ್ತರೇ ಎಂದೆ. ನಾನು ಅಷ್ಟು ಮಾಡಿದ್ದಕ್ಕೇ ನಿಂತಿತು, ಮತ್ತೆ ಆ ನಾಲ್ಕು ಸಾಲು ಬರೆದೆ, ಹೊರಟಿತು. ಅಲ್ಲಿ ನೀವೂ ಇರಲಿಲ್ಲ, ನಿಮ್ಮ ಕೈಯೂ ಇರಲಿಲ್ಲ. ಟವೆಲಿನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದೆ. ಗೇಟಿನ ಕಂಪ್ಯೂಟರು ಪ್ರತಿ ಚೀಟಿಗೂ ಒಳಗೆ ಹೋಗಿ ಎದ್ದು ಬರುತ್ತಿತ್ತು ಎಂಬುದನ್ನು ಈ ಸಲ ನಿಧಾನವಾಗಿ ಹೇಳಿದೆ. ಈ ಸಲ ಅಕ್ಕ ಹೂಂ ಎನ್ನಲಿಲ್ಲ.

"ಅಂದ್ರೆ, ಎದ್ದು ಜಾಗ ಬಿಡ್ತಿದ್ದೋಳು ನಾನೊಬ್ಬಳೇ," ಎಂದರು. "ಅದಕ್ಕೇ ನಂಗೇ ಜಾಗ ಇರ್ತಿರ್ಲಿಲ್ಲ."

ಹೌದು ಎಂದೆ. ಅತ್ತಿಗೆಯೂ ಕೈ ನಿಲ್ಲಿಸಿ ನೋಡುತ್ತಿದ್ದರು. ಕುರ್ಚಿಯ ವಿಷಯವನ್ನೂ ಹೇಳಿದೆ. ಇಬ್ಬರು ಹೊತ್ತುಕೊಂಡು ಹೋಗಿ ಹೊಂಗೆ ಮರದ ಕೆಳಗೆ ಇಟ್ಟರು ಎಂದಾಗ ಅಕ್ಕ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ. ನಗುವುದು ಮುಗಿದ ಮೇಲೂ ನೀರು ಸ್ವಲ್ಪ ಹೊತ್ತು ಬಂತು.

ಆಮೇಲೆ ಎದ್ದು ಬಚ್ಚಲಿಗೆ ಹೋದರು. ಕೈ ತೊಳೆದ ಸದ್ದು ಕೇಳಿಸಿತು. ಉಪ್ಪಿನಕಾಯಿಗೆ ನೀರಿನ ಪಸೆ ತಾಗಬಾರದೆಂದು ಒಣಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಬಂದು ಜಾಡಿಯ ಮುಂದೆ ಕೂತರು.

"ವದಿನಾ, ಸ್ವಲ್ಪ ಸರೀರಿ," ಎಂದು ಅತ್ತಿಗೆಗೆ ಹೇಳಿ, ಬಳೆ ಮೇಲಕ್ಕೆ ಸರಿಸಿಕೊಂಡು, ಮೊಣಕೈವರೆಗೆ ಕೈ ಇಳಿಸಿ ತಳದಿಂದ ಕಲೆಸತೊಡಗಿದರು.